ಅಡ್ಮಿನ್ ಪುಟಕ್ಕೆ 403: ಬೀಗ ಯಾರಿಗೆ ಬಿದ್ದಿದೆ, ಯಾರಿಗೆ ಬಿದ್ದಿಲ್ಲ

ಅಡ್ಮಿನ್ ಕನ್ಸೋಲ್ ಮುಂದೆ ರಿವರ್ಸ್ ಪ್ರಾಕ್ಸಿ (ಹೊರಗಿನ ವಿನಂತಿಗಳನ್ನು ತಾನು ಪಡೆದು ಹಿಂದಿನ ಆ್ಯಪ್‌ಗೆ ದಾಟಿಸುವ ಸರ್ವರ್) ಕೂರಿಸಿ ಬೀಗ ಹಾಕಿದ ಮೇಲೆ ಎರಡು ಥರದ ದೋಷ ಬರಬಹುದು. ಒಂದು, ಒಳಗೆ ಬರಬೇಕಾದವರು 403, ಅಂದರೆ ‘ಪ್ರವೇಶ ಇಲ್ಲ’ ಅನ್ನುವ ಉತ್ತರ ಕಂಡು ಹೊರಗೆ ನಿಲ್ಲುತ್ತಾರೆ. ಇದಕ್ಕೆ ಐದೇ ನಿಮಿಷದಲ್ಲಿ ಫೋನ್ ಬರುತ್ತದೆ. ಇನ್ನೊಂದು, ಬರಬಾರದವರು ಒಳಗೆ ಬರುತ್ತಾರೆ. ಇದಕ್ಕೆ ಯಾರೂ ಫೋನ್ ಮಾಡುವುದಿಲ್ಲ. ಎಷ್ಟೋ ಸಲ ಮೊದಲನೆಯದನ್ನು ಸರಿ ಮಾಡುವ ಗಡಿಬಿಡಿಯಲ್ಲೇ ಎರಡನೆಯದು ಹುಟ್ಟುತ್ತದೆ. ಅದಕ್ಕೇ ಇಲ್ಲಿ ಎರಡನ್ನೂ ಒಟ್ಟಿಗೆ ಹುಡುಕುವ ದಾರಿ ಬರೆದಿದ್ದೇನೆ.

ಉದಾಹರಣೆಗಳು ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ನವು. ಅಪಾಚೆ, ಕ್ಯಾಡಿ ಬಳಸುವವರಿಗೂ ಯೋಚನೆ ಇದೇ, ಆಜ್ಞೆಗಳ ಹೆಸರು ಮಾತ್ರ ಬೇರೆ. ಹೆಸರುಗಳನ್ನು ಹೇಳುವ ಹಾಗೆ ಬರೆದಿದ್ದೇನೆ. ಫೈಲಿನಲ್ಲಿ ಪದಗಳ ಮಧ್ಯೆ ಅಂಡರ್‌ಸ್ಕೋರ್ ಇರುತ್ತದೆ, ಅದು ನಿಮಗೆ ಗೊತ್ತೇ ಇದೆ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯ ಸರ್ವರನ್ನು ಮುಂದಿಟ್ಟುಕೊಳ್ಳೋಣ. ಒಂದೇ ವರ್ಚುವಲ್ ಮಷಿನ್. ಆರ್ಡರ್ ನೋಡಿಕೊಳ್ಳುವ ಜಾಂಗೊ ಆ್ಯಪ್ 8000ನೇ ಪೋರ್ಟ್‌ನಲ್ಲಿ, ರಿಪೋರ್ಟ್ ತೆಗೆಯುವ ಹಳೇ ಟಾಮ್‌ಕ್ಯಾಟ್ 8080ರಲ್ಲಿ, ಗ್ರಾಫ್ ತೋರಿಸುವ ಗ್ರಫಾನಾ 3000ದಲ್ಲಿ. ಎಲ್ಲದಕ್ಕೂ ಮುಂದೆ ಎಂಜಿನ್‌ಎಕ್ಸ್. ‘/ಅಡ್ಮಿನ್/’ ಲೊಕೇಶನ್‌ನಲ್ಲಿ (ಆ ಹಾದಿಗೆ ಅನ್ವಯಿಸುವ ಕಾನ್ಫಿಗ್ ಭಾಗದಲ್ಲಿ) ಆಫೀಸಿನ ಸ್ಟ್ಯಾಟಿಕ್ ಐಪಿಗೆ ‘ಅಲೋ’, ಮಿಕ್ಕ ಎಲ್ಲರಿಗೂ ‘ಡಿನೈ ಆಲ್’. ಚೆನ್ನಾಗಿಯೇ ನಡೆದಿತ್ತು. ಆಮೇಲೆ ಮುಂದೆ ಒಂದು ಕ್ಲೌಡ್ ಲೋಡ್ ಬ್ಯಾಲೆನ್ಸರ್ ಬಂತು, ಹೊರಗಿನ ವಿನಂತಿಗಳೆಲ್ಲ ಮೊದಲು ಅದಕ್ಕೆ ಬಂದು ಅಲ್ಲಿಂದ ಎಂಜಿನ್‌ಎಕ್ಸ್‌ಗೆ ಹೋಗತೊಡಗಿದವು. ಬೆಳಿಗ್ಗೆಯೇ ಡಿಸ್‌ಪ್ಯಾಚ್‌ನಿಂದ ಫೋನ್: “ಸಾರ್, ಅಡ್ಮಿನ್ ಓಪನ್ನೇ ಆಗ್ತಿಲ್ಲ, ಗಾಡಿ ಬಂದು ನಿಂತಿದೆ, ಏನಾದ್ರೂ ಮಾಡಿ.”

403 ಕೊಟ್ಟಿದ್ದು ಯಾರು?

ಕಾನ್ಫಿಗ್ ಫೈಲ್ ತೆರೆಯುವ ಮುಂಚೆ ಇದೊಂದು ಗೊತ್ತಾಗಬೇಕು. ಲೋಡ್ ಬ್ಯಾಲೆನ್ಸರ್, ಎಂಜಿನ್‌ಎಕ್ಸ್, ಆ್ಯಪ್ ಮೂರರಲ್ಲಿ ಯಾರು ಬೇಕಾದರೂ 403 ಕೊಡಬಹುದು. ಪುಟದ ಮುಖ ನೋಡಿದರೇ ಅರ್ಧ ಗೊತ್ತಾಗುತ್ತದೆ. ಬಿಳಿ ಪುಟ, ಮಧ್ಯದಲ್ಲಿ ದಪ್ಪಕ್ಕೆ ‘403 ಫರ್ಬಿಡನ್’, ಒಂದು ಗೆರೆ, ಅದರ ಕೆಳಗೆ ಎಂಜಿನ್‌ಎಕ್ಸ್ ಹೆಸರು ಇದ್ದರೆ ಅದು ಎಂಜಿನ್‌ಎಕ್ಸ್‌ನದೇ. ‘ಸಿಎಸ್ಆರ್‌ಎಫ್ ವೆರಿಫಿಕೇಶನ್ ಫೇಲ್ಡ್’ (ಬೇರೆ ಸೈಟ್‌ನಿಂದ ಕಳ್ಳ ಫಾರ್ಮ್ ಬಂದಿದೆಯಾ ಅನ್ನುವ ಪರೀಕ್ಷೆ ಫೇಲ್) ಅಂತ ಇದ್ದರೆ ಅದು ಜಾಂಗೊ. ಇವೆರಡರ ಕಾರಣ ಪೂರ್ತಿ ಬೇರೆ. ಆದರೆ ಫೋನ್ ಮಾಡಿದವರು ಎರಡಕ್ಕೂ “403 ಬರ್ತಿದೆ” ಅಂತಲೇ ಹೇಳುತ್ತಾರೆ. ಅವರ ಹತ್ತಿರ ಸ್ಕ್ರೀನ್‌ಶಾಟ್ ಕೇಳಿ.

ಗಟ್ಟಿ ಸಾಕ್ಷಿ ಬೇಕಾದರೆ ಲಾಗ್. ಆಕ್ಸೆಸ್ ಲಾಗ್‌ನಲ್ಲಿ ‘ಅಪ್‌ಸ್ಟ್ರೀಮ್ ಸ್ಟೇಟಸ್’ ಅನ್ನೂ ಬರೆಯುವ ಹಾಗೆ ಮಾಡಿ. ಅಲ್ಲಿ ಬರೀ ಒಂದು ಅಡ್ಡಗೆರೆ ಇದ್ದರೆ ವಿನಂತಿ ಹಿಂದಿನ ಆ್ಯಪ್‌ಗೆ ಹೋಗಲೇ ಇಲ್ಲ, ಎಂಜಿನ್‌ಎಕ್ಸ್ ಬಾಗಿಲಲ್ಲೇ ತಿರುಗಿಸಿ ಕಳಿಸಿದೆ. ಅಲ್ಲೂ 403 ಇದ್ದರೆ ಆ್ಯಪ್ ಹೇಳಿದ್ದನ್ನು ಎಂಜಿನ್‌ಎಕ್ಸ್ ಸುಮ್ನೆ ದಾಟಿಸಿದೆ ಅಷ್ಟೇ. ಎರರ್ ಲಾಗ್‌ನಲ್ಲಿ ‘ಆಕ್ಸೆಸ್ ಫರ್ಬಿಡನ್ ಬೈ ರೂಲ್’ ಅಂತ ಸಿಕ್ಕಿದರೆ ಅಲೋ-ಡಿನೈ ಸಾಲುಗಳದೇ ಕೆಲಸ. ಅದೇ ಸಾಲಿನಲ್ಲಿ ‘ಕ್ಲೈಂಟ್’ ಅಂತ ಒಂದು ಐಪಿಯೂ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಎರಡು ಲಾಗ್‌ನಲ್ಲೂ ಏನೂ ಇಲ್ಲದಿದ್ದರೆ ವಿನಂತಿ ಈ ಮಷಿನ್‌ಗೆ ಬಂದೇ ಇಲ್ಲ. ಆಗ ಲೋಡ್ ಬ್ಯಾಲೆನ್ಸರ್ ಕಡೆ ಹೋಗಿ, ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಯಾವ ಕಾನ್ಫಿಗ್ ನಿಜವಾಗಿ ಓಡುತ್ತಿದೆ ಅನ್ನುವುದೂ ಮುಖ್ಯ. ಸಣ್ಣ ಕಂಪನಿಗಳ ಸರ್ವರ್‌ನಲ್ಲಿ ಹಳೇದು, ಹೊಸದು, ಬ್ಯಾಕಪ್ ಅಂತ ಫೈಲುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟರೆ ಎಲ್ಲಾ ಫೈಲು ಸೇರಿಸಿದ ಪೂರ್ತಿ ಕಾನ್ಫಿಗ್ ತೆರೆಯ ಮೇಲೆ ಬರುತ್ತದೆ. ಅದನ್ನು ಓದಿ. ಒಂದು ಎಚ್ಚರ: ಅದು ಡಿಸ್ಕ್‌ನಲ್ಲಿ ಇರುವುದನ್ನು ತೋರಿಸುತ್ತದೆ. ಬದಲಾಯಿಸಿದ ಮೇಲೆ ಯಾರೂ ರೀಲೋಡ್ ಮಾಡಿಲ್ಲ ಅಂದರೆ ಓಡುತ್ತಿರುವುದು ಹಳೇದೇ.

ಲೋಡ್ ಬ್ಯಾಲೆನ್ಸರ್ ಬಂದ ಮೇಲೆ

ಪೀಣ್ಯದ ಕೇಸ್‌ನಲ್ಲಿ ಎರರ್ ಲಾಗ್ ತೋರಿಸಿದ ಕ್ಲೈಂಟ್ ಐಪಿ 10 ರಿಂದ ಶುರುವಾಗುವ ಒಂದು ಒಳ ವಿಳಾಸ. ಅಂದರೆ ಲೋಡ್ ಬ್ಯಾಲೆನ್ಸರ್‌ದು. ಆಫೀಸಿನ ಐಪಿ ಅಲ್ಲವೇ ಅಲ್ಲ. ಅಪಾರ್ಟ್‌ಮೆಂಟಿನಲ್ಲಿ ಯಾರೇ ಬಂದರೂ ಇಂಟರ್‌ಕಾಮ್‌ನಲ್ಲಿ ಮೇಲಿನ ಮನೆಯವರಿಗೆ ಕೇಳಿಸುವುದು ವಾಚ್‌ಮನ್ ದನಿ ಮಾತ್ರ, ಹಾಗೆ ಎಂಜಿನ್‌ಎಕ್ಸ್‌ಗೆ ಈಗ ಇಡೀ ಊರು ಒಂದೇ ವಿಳಾಸದಿಂದ ಬರುತ್ತಿರುವಂತೆ ಕಾಣುತ್ತದೆ.

ಇಲ್ಲೇ ಆ ಕೆಟ್ಟ ರಿಪೇರಿ ನಡೆಯುವುದು. ಲಾಗ್‌ನಲ್ಲಿ 10ರ ಐಪಿ ಕಂಡಿತಾ, ‘ಅಲೋ 10.0.0.0/8’ ಅಂತ ಒಂದು ಸಾಲು ಸೇರಿಸು. ಡಿಸ್‌ಪ್ಯಾಚ್‌ನವರಿಗೆ ಪುಟ ತೆರೆಯಿತು, ಗಾಡಿ ಹೋಯಿತು, ಟಿಕೆಟ್ ಮುಚ್ಚಿತು, ಎಲ್ಲರಿಗೂ ಖುಷಿ. ಆದರೆ ಈಗ ಲೋಡ್ ಬ್ಯಾಲೆನ್ಸರ್ ಮೂಲಕ ಬರುವ ಯಾರಿಗೆ ಬೇಕಾದರೂ ಅಡ್ಮಿನ್ ಲಾಗಿನ್ ಪುಟ ತೆರೆಯುತ್ತದೆ, ಅವರು ಪೀಣ್ಯದಲ್ಲಿದ್ದರೂ ಅಷ್ಟೇ, ಪೆರುವಿನಲ್ಲಿದ್ದರೂ ಅಷ್ಟೇ. ‘ಡಿನೈ ಆಲ್’ ಸಾಲು ಮಾತ್ರ ಫೈಲಿನಲ್ಲಿ ಹಾಗೇ ಇದೆ, ಓದಿದವರಿಗೆ ಬೀಗ ಇದೆ ಅಂತಲೇ ಅನ್ನಿಸುತ್ತದೆ.

ಸರಿಯಾದ ದಾರಿ ಬೇರೆ. ನಿಜವಾದ ಐಪಿಯನ್ನು ಲೋಡ್ ಬ್ಯಾಲೆನ್ಸರ್ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ (ವಿನಂತಿಯ ಜೊತೆ ಹೋಗುವ ಮಾಹಿತಿ ಸಾಲಿನಲ್ಲಿ) ಬರೆದು ಕಳಿಸುತ್ತದೆ. ಎಂಜಿನ್‌ಎಕ್ಸ್‌ನ ರಿಯಲ್ ಐಪಿ ಮಾಡ್ಯೂಲ್‌ಗೆ ಎರಡು ವಿಷಯ ಹೇಳಬೇಕು: ಯಾರ ಮಾತು ನಂಬಬೇಕು, ಯಾವ ಹೆಡರ್ ಓದಬೇಕು. ‘ಸೆಟ್ ರಿಯಲ್ ಐಪಿ ಫ್ರಮ್’ ಮೊದಲನೆಯದು, ‘ರಿಯಲ್ ಐಪಿ ಹೆಡರ್’ ಎರಡನೆಯದು. ಮೊದಲನೆಯದರಲ್ಲಿ ಲೋಡ್ ಬ್ಯಾಲೆನ್ಸರ್ ಇರುವ ಸಬ್‌ನೆಟ್ ಮಾತ್ರ ಕೊಡಿ, ಇಡೀ 10.0.0.0/8 ಬೇಡ. ಇದಾದ ಮೇಲೆ ಅಲೋ-ಡಿನೈ ಸಾಲುಗಳು ಮೊದಲಿನ ಹಾಗೇ ಕೆಲಸ ಮಾಡುತ್ತವೆ, ಅವನ್ನು ಮುಟ್ಟಲೇಬೇಕಿಲ್ಲ. ಈ ಮಾಡ್ಯೂಲ್ ಎಲ್ಲಾ ಬಿಲ್ಡ್‌ನಲ್ಲೂ ಇರುವುದಿಲ್ಲ. ಮೂಲ ಕೋಡ್‌ನಿಂದ ನೀವೇ ಕಟ್ಟಿದ್ದರೆ ಕೇಳಿ ಸೇರಿಸಿಕೊಂಡಿರಬೇಕು. ಉಬುಂಟು, ಡೆಬಿಯನ್ ಪ್ಯಾಕೇಜ್‌ನಲ್ಲಿ ಇದ್ದೇ ಇದೆ.

ಈ ಹೆಡರ್ ಬಗ್ಗೆ ಇನ್ನೊಂದು ಮಾತು. ಇದು ಸಾದಾ ಅಕ್ಷರ, ಬ್ರೌಸರ್‌ನಿಂದ ಬರುವವನೂ ಬರೆದು ಕಳಿಸಬಹುದು. ಸಾಮಾನ್ಯವಾಗಿ ಲೋಡ್ ಬ್ಯಾಲೆನ್ಸರ್ ಅದನ್ನು ಅಳಿಸುವುದಿಲ್ಲ, ಬಲಗಡೆ ತನಗೆ ಕಂಡ ಐಪಿ ಸೇರಿಸುತ್ತದೆ. ಹಾಗಾಗಿ ಎಡಗಡೆ ಇರುವುದು ಬಂದವನು ಹೇಳಿದ ಮಾತು, ಬಲತುದಿಯದು ನಮ್ಮವರು ಕಂಡ ಮಾತು. ‘ರಿಯಲ್ ಐಪಿ ರಿಕರ್ಸಿವ್’ ಆಫ್ ಇದ್ದಾಗ ಎಂಜಿನ್‌ಎಕ್ಸ್ ಬಲತುದಿಯನ್ನು ತೆಗೆದುಕೊಳ್ಳುತ್ತದೆ. ಒಂದೇ ಲೋಡ್ ಬ್ಯಾಲೆನ್ಸರ್ ಇದ್ದರೆ ಅಷ್ಟು ಸಾಕು. ಮುಂದೆ ಸಿಡಿಎನ್ (ಪುಟಗಳನ್ನು ಹಲವು ಊರುಗಳಿಂದ ಹಂಚುವ ಸೇವೆ) ಕೂಡ ಇದ್ದರೆ ಆನ್ ಮಾಡಬೇಕು, ಜೊತೆಗೆ ಸಿಡಿಎನ್‌ನ ಐಪಿ ಪಟ್ಟಿಯನ್ನೂ ನಂಬುವವರ ಸಾಲಿಗೆ ಸೇರಿಸಬೇಕು. ಆಗ ಬಲದಿಂದ ಎಡಕ್ಕೆ ಬರುತ್ತಾ, ನಂಬಿಕೆಯ ಪಟ್ಟಿಯಲ್ಲಿ ಇಲ್ಲದ ಮೊದಲ ಐಪಿಯಲ್ಲಿ ನಿಲ್ಲುತ್ತದೆ. ಬೇಸತ್ತು ‘0.0.0.0/0’ ಅಂತ ಕೊಟ್ಟು ರಿಕರ್ಸಿವ್ ಆನ್ ಮಾಡಿದರೆ ಎಲ್ಲರನ್ನೂ ನಂಬಿದ ಹಾಗಾಯಿತು. ಎಡತುದಿಯವರೆಗೂ ಹೋಗಿ, ಬಂದವನು ಬರೆದದ್ದನ್ನೇ ನಿಜ ಅಂದುಕೊಳ್ಳುತ್ತದೆ.

ಪರೀಕ್ಷೆ ಸುಲಭ. ಲ್ಯಾಪ್‌ಟಾಪನ್ನು ಆಫೀಸ್ ವೈಫೈಯಿಂದ ಬಿಡಿಸಿ ಮೊಬೈಲ್ ಡೇಟಾಕ್ಕೆ ಹಾಕಿ. ಕರ್ಲ್ ಆಜ್ಞೆಯಿಂದ ಅಡ್ಮಿನ್ ಪುಟ ಕೇಳಿ, 403 ಬರಬೇಕು. ಮತ್ತೆ ಅದನ್ನೇ ಕೇಳಿ, ಈ ಸಲ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ ಆಫೀಸಿನ ಐಪಿ ಹಾಕಿ ಕಳಿಸಿ. ಆಗಲೂ 403 ಬರಬೇಕು. ಇನ್ನೊಮ್ಮೆ 127.0.0.1 ಹಾಕಿ ನೋಡಿ. ಎಲ್ಲಾದರೂ 200 (ಪುಟ ಸಿಕ್ಕಿತು) ಅಥವಾ ಲಾಗಿನ್ ಪುಟಕ್ಕೆ 302 (ಅಲ್ಲಿಗೆ ಹೋಗು) ಬಂದರೆ ಬೀಗ ಬರೀ ತೋರಿಕೆಗೆ ಇದೆ. ಲಾಗ್‌ನಲ್ಲಿ ‘ರಿಮೋಟ್ ಆ್ಯಡ್ರ್’ ಜೊತೆಗೆ ‘ರಿಯಲ್‌ಐಪಿ ರಿಮೋಟ್ ಆ್ಯಡ್ರ್’ ಕೂಡ ಬರೆಸಿ. ಮೊದಲನೆಯದು ಲೆಕ್ಕ ಹಾಕಿದ ಐಪಿ, ಎರಡನೆಯದು ನಿಜವಾಗಿ ಬಂದು ತಟ್ಟಿದ ಐಪಿ. ಇವೆರಡು ಪಕ್ಕಪಕ್ಕ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪರೀಕ್ಷೆಯಲ್ಲೇ ಒಂದು ಮೋಸ ಇದೆ. ಅಲೋ-ಡಿನೈ ಕೆಲಸ ಮಾಡುತ್ತಿದೆಯಾ ನೋಡಲು ಕೆಲವರು ಆ ಲೊಕೇಶನ್ ಒಳಗೆ ‘ರಿಟರ್ನ್ 200’ ಅಂತ ಒಂದು ಸಾಲು ಬರೆಯುತ್ತಾರೆ. ಎಂಜಿನ್‌ಎಕ್ಸ್‌ನಲ್ಲಿ ರಿಟರ್ನ್ ಓಡುವುದು ರೀರೈಟ್ ಹಂತದಲ್ಲಿ, ಅಲೋ-ಡಿನೈ ನೋಡುವುದು ಅದಾದ ಮೇಲಿನ ಆಕ್ಸೆಸ್ ಹಂತದಲ್ಲಿ. ಹಾಗಾಗಿ ಬೀಗ ಸರಿ ಇದ್ದರೂ ಎಲ್ಲರಿಗೂ 200 ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಸರಿ ಇದ್ದದ್ದನ್ನು ಕೆಡಿಸುತ್ತಾರೆ.

ಮನೆಯಿಂದ ಕೆಲಸ ಮಾಡುವವರ 403

“ಆಫೀಸಲ್ಲಿ ಬರುತ್ತೆ, ಮನೇಲಿ ಬರಲ್ಲ.” “ನಿನ್ನೆ ಮನೇಲೂ ಬಂತು, ಇವತ್ತು ಇಲ್ಲ.” ಇದರ ಕಾರಣ ಹುಡುಕುವುದು ಕಷ್ಟ ಅಲ್ಲ. ಕೆಂಗೇರಿಯಲ್ಲೋ ಯಲಹಂಕದಲ್ಲೋ ಕರೆಂಟ್ ಹೋಗಿ ಬಂದರೆ ರೂಟರ್ ಮತ್ತೆ ಶುರುವಾಗುತ್ತದೆ, ಬ್ರಾಡ್‌ಬ್ಯಾಂಡ್‌ನ ಐಪಿ ಬದಲಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿದವರು ಬಹಳ ಸಲ ಐಪಿವಿ6 ನಿಂದ ಬರುತ್ತಾರೆ. ಲಾಗ್‌ನಲ್ಲಿ 2409 ರಿಂದ ಶುರುವಾಗುವ ಉದ್ದ ವಿಳಾಸ ಕಂಡರೆ ಅದು ನಮ್ಮಲ್ಲಿ ಬಹುತೇಕ ಜಿಯೋ. ನಿಮ್ಮ ಅಲೋ ಪಟ್ಟಿಯಲ್ಲಿ ಐಪಿವಿ4 ಮಾತ್ರ ಇದ್ದರೆ ಅವರಿಗೆ 403 ಬರುವುದು ಸರಿಯೇ.

ಪ್ರತಿಯೊಬ್ಬರ ಮನೆಯ ಐಪಿಯನ್ನು ಪಟ್ಟಿಗೆ ಸೇರಿಸುತ್ತಾ ಹೋಗುವುದು ವ್ಯರ್ಥ ಕೆಲಸ ಅಂತ ನನ್ನ ಅಭಿಪ್ರಾಯ. ಮೊದಲನೆಯದಾಗಿ ಅದು ಮುಗಿಯುವುದಿಲ್ಲ. ಎರಡನೆಯದಾಗಿ, ಎಷ್ಟೋ ಐಎಸ್‌ಪಿಗಳು ಸಿಜಿನ್ಯಾಟ್ ಬಳಸುತ್ತವೆ, ಅಂದರೆ ಒಂದೇ ಹೊರಗಿನ ಐಪಿಯನ್ನು ಬಹಳ ಮನೆಗಳು ಹಂಚಿಕೊಂಡಿರುತ್ತವೆ. ಒಬ್ಬರಿಗೆ ತೆರೆದರೆ ಅವರ ಬೀದಿಗೇ ತೆರೆದ ಹಾಗೆ. ಹಳೇ ಐಪಿಗಳನ್ನು ಪಟ್ಟಿಯಿಂದ ಯಾರೂ ತೆಗೆಯುವುದಿಲ್ಲ, ಅದು ನಾಳೆ ಇನ್ಯಾರಿಗೋ ಹೋಗಿರುತ್ತದೆ. ಇದಕ್ಕಿಂತ ವೈರ್‌ಗಾರ್ಡ್ ಥರದ ಒಂದು ವಿಪಿಎನ್ ಹಾಕಿ, ಅಡ್ಮಿನ್‌ಗೆ ವಿಪಿಎನ್ ಒಳಗಿನ ವಿಳಾಸಗಳನ್ನು ಮಾತ್ರ ಬಿಡುವುದು ಒಳ್ಳೆಯದು. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6 ಕರ್ನಲ್‌ನಿಂದ ವೈರ್‌ಗಾರ್ಡ್ ಒಳಗೇ ಇದೆ, ಬೇರೆ ಮಾಡ್ಯೂಲ್ ಕಟ್ಟುವ ತಾಪತ್ರಯ ಇಲ್ಲ.

ಲಾಗಿನ್ ಪುಟ ಬರುತ್ತದೆ, ಬಟನ್ ಒತ್ತಿದರೆ 403

ಈಗ ಜಾಂಗೊ ಕೊಡುವ 403. ಇದು ಐಪಿ ವಿಷಯ ಅಲ್ಲ, ಹೆಡರ್ ವಿಷಯ. ಲೋಡ್ ಬ್ಯಾಲೆನ್ಸರ್ ಬಂದ ಮೇಲೆ ಬರುವ ಎರಡನೇ ಫೋನ್ ಸಾಮಾನ್ಯವಾಗಿ ಇದೇ.

ಟಿಎಲ್ಎಸ್, ಅಂದರೆ ಎಚ್‌ಟಿಟಿಪಿಎಸ್‌ನ ಗೂಢಲಿಪಿ, ಲೋಡ್ ಬ್ಯಾಲೆನ್ಸರ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಎಂಜಿನ್‌ಎಕ್ಸ್‌ಗೆ ಸಾದಾ ಎಚ್‌ಟಿಟಿಪಿ. ಎಂಜಿನ್‌ಎಕ್ಸ್‌ನಲ್ಲಿ ಎಲ್ಲರೂ ನಕಲು ಹೊಡೆಯುವ ಒಂದು ಸಾಲಿದೆ: ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್‌ಗೆ ‘ಸ್ಕೀಮ್’ ಚರಾಕ್ಷರದ ಬೆಲೆ ಹಾಕುವುದು. ಎಂಜಿನ್‌ಎಕ್ಸ್‌ಗೆ ಕಂಡ ಸ್ಕೀಮ್ ಈಗ ಎಚ್‌ಟಿಟಿಪಿ. ಹಾಗಾಗಿ ಲೋಡ್ ಬ್ಯಾಲೆನ್ಸರ್ ‘ಎಚ್‌ಟಿಟಿಪಿಎಸ್’ ಅಂತ ಬರೆದು ಕಳಿಸಿದ್ದನ್ನು ಇದು ಅಳಿಸಿ ‘ಎಚ್‌ಟಿಟಿಪಿ’ ಮಾಡುತ್ತದೆ. ಜಾಂಗೊಗೆ ಈ ವಿನಂತಿ ಭದ್ರವಲ್ಲದ್ದು ಅನ್ನಿಸುತ್ತದೆ. ‘ಸೆಕ್ಯೂರ್ ಎಸ್ಎಸ್ಎಲ್ ರೀಡೈರೆಕ್ಟ್’ ಆನ್ ಇದ್ದರೆ ಮತ್ತೆ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದೆ, ಅದು ಸುತ್ತಿ ಬಂದು ಮತ್ತೆ ಎಚ್‌ಟಿಟಿಪಿ ಆಗುತ್ತದೆ, ಬ್ರೌಸರ್ ‘ಟೂ ಮೆನಿ ರೀಡೈರೆಕ್ಟ್ಸ್’ ಅಂತ ಕೈ ಚೆಲ್ಲುತ್ತದೆ. ಆನ್ ಇಲ್ಲದಿದ್ದರೆ ಪುಟ ಬರುತ್ತದೆ, ಆದರೆ ಲಾಗಿನ್ ಒತ್ತಿದಾಗ ಸಿಎಸ್ಆರ್‌ಎಫ್ 403. 2021ರ ಡಿಸೆಂಬರ್‌ನಲ್ಲಿ ಬಂದ ಜಾಂಗೊ 4.0 ದಿಂದ ಬ್ರೌಸರ್ ಕಳಿಸುವ ಆರಿಜಿನ್ (ಫಾರ್ಮ್ ಯಾವ ಸೈಟ್‌ನಿಂದ ಬಂತು ಅನ್ನುವ) ಹೆಡರನ್ನೂ ನೋಡುತ್ತಾರೆ. ಬ್ರೌಸರ್ ಎಚ್‌ಟಿಟಿಪಿಎಸ್ ಅನ್ನುತ್ತದೆ, ಜಾಂಗೊ ಎಚ್‌ಟಿಟಿಪಿ ಅಂದುಕೊಂಡಿದೆ, ಎರಡೂ ಹೊಂದುವುದಿಲ್ಲ. ಹಳೇ ಜಾಂಗೊದಲ್ಲಿ ನಡೆಯುತ್ತಿದ್ದದ್ದು ಅಪ್‌ಗ್ರೇಡ್ ಆದ ದಿನ ನಿಲ್ಲುವುದು ಇದಕ್ಕೇ.

ಮದ್ದು: ಎಂಜಿನ್‌ಎಕ್ಸ್‌ನಲ್ಲಿ ‘ಸ್ಕೀಮ್’ ಬದಲು ಒಳಬಂದ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಬೆಲೆಯನ್ನೇ ದಾಟಿಸಿ, ಜಾಂಗೊದಲ್ಲಿ ‘ಸೆಕ್ಯೂರ್ ಪ್ರಾಕ್ಸಿ ಎಸ್ಎಸ್ಎಲ್ ಹೆಡರ್’ ಹೊಂದಿಸಿ. ಆದರೆ ಎಂಜಿನ್‌ಎಕ್ಸ್ ಪೋರ್ಟ್‌ಗೆ ಲೋಡ್ ಬ್ಯಾಲೆನ್ಸರ್ ಬಿಟ್ಟು ಬೇರೆ ಯಾರೂ ನೇರವಾಗಿ ಬರದ ಹಾಗೆ ಫೈರ್‌ವಾಲ್‌ನಲ್ಲಿ ಮುಚ್ಚಿರಬೇಕು. ಇಲ್ಲದಿದ್ದರೆ ಈ ಹೆಡರನ್ನೂ ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಸಿಎಸ್ಆರ್‌ಎಫ್ ಪರೀಕ್ಷೆಯನ್ನೇ ಆಫ್ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಇದೇ ಲಕ್ಷಣ ಲೋಡ್ ಬ್ಯಾಲೆನ್ಸರ್ ಇಲ್ಲದೆಯೂ ಬರುತ್ತದೆ, ಮತ್ತು ಇದನ್ನು ಹುಡುಕಲು ಜನ ಗಂಟೆಗಟ್ಟಲೆ ಒದ್ದಾಡುತ್ತಾರೆ. ಎಂಜಿನ್‌ಎಕ್ಸ್‌ನಲ್ಲಿ ‘ಪ್ರಾಕ್ಸಿ ಸೆಟ್ ಹೆಡರ್’ ಸಾಲುಗಳು ಮೇಲಿನ ಹಂತದಿಂದ ಕೆಳಗೆ ಇಳಿಯುವುದು, ಕೆಳಗಿನ ಹಂತದಲ್ಲಿ ಅಂಥ ಒಂದೂ ಸಾಲು ಇಲ್ಲದಿದ್ದಾಗ ಮಾತ್ರ. ಸರ್ವರ್ ಬ್ಲಾಕ್‌ನಲ್ಲಿ ಹೋಸ್ಟ್, ಫಾರ್ವರ್ಡೆಡ್-ಫಾರ್, ಪ್ರೋಟೊ ಮೂರನ್ನೂ ಚೆನ್ನಾಗಿ ಬರೆದಿದ್ದೀರಿ. ಯಾರೋ ಅಡ್ಮಿನ್ ಲೊಕೇಶನ್ ಒಳಗೆ ಒಂದೇ ಒಂದು ಹೊಸ ಹೆಡರ್ ಸೇರಿಸುತ್ತಾರೆ. ಅಷ್ಟಕ್ಕೇ ಮೇಲಿನ ಮೂರೂ ಆ ಲೊಕೇಶನ್‌ಗೆ ಇಲ್ಲವಾಗುತ್ತವೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಕಾನ್ಫಿಗ್ ಪರೀಕ್ಷೆಯೂ ಪಾಸ್. ಜಾಂಗೊಗೆ ಹೋಸ್ಟ್ ಅಂತ ‘127.0.0.1:8000’ ಹೋಗುತ್ತದೆ. ಅದು ‘ಅಲೋಡ್ ಹೋಸ್ಟ್ಸ್’ ಪಟ್ಟಿಯಲ್ಲಿ ಇಲ್ಲದಿದ್ದರೆ 400, ಇದ್ದರೆ ಲಾಗಿನ್‌ನಲ್ಲಿ 403. ಮುಖಪುಟ ಚೆನ್ನಾಗಿದೆ, ಅಡ್ಮಿನ್ ಮಾತ್ರ ಕೆಟ್ಟಿದೆ ಅಂದರೆ ಮೊದಲು ಇದನ್ನು ನೋಡಿ. ಎಲ್ಲಾ ಹೆಡರ್ ಸಾಲುಗಳನ್ನು ಒಂದು ಫೈಲಿನಲ್ಲಿಟ್ಟು ಪ್ರತಿ ಲೊಕೇಶನ್‌ನಲ್ಲೂ ‘ಇನ್‌ಕ್ಲೂಡ್’ ಮಾಡಿದರೆ ಈ ತೊಂದರೆ ಮತ್ತೆ ಬರುವುದಿಲ್ಲ.

ಬೀಗ ಇದೆ, ಆದರೆ ಬೇರೆ ಬಾಗಿಲಿಗೆ

ಇನ್ನು ಯಾರೂ ಫೋನ್ ಮಾಡದ ದೋಷಗಳು. ಇಲ್ಲಿ ನಿಧಾನ ಮಾಡಿ.

ವರ್ಡ್‌ಪ್ರೆಸ್ ಇರುವವರಿಗೆ ಮೊದಲನೆಯದು. ‘/ಡಬ್ಲ್ಯೂಪಿ-ಅಡ್ಮಿನ್/’ ಲೊಕೇಶನ್‌ಗೆ ಅಲೋ-ಡಿನೈ ಹಾಕಿದ್ದೀರಿ. ಪಕ್ಕದಲ್ಲೇ ‘.ಪಿಎಚ್‌ಪಿ’ ಇಂದ ಮುಗಿಯುವ ಎಲ್ಲದಕ್ಕೂ ಒಂದು ರೆಜೆಕ್ಸ್ (ಅಕ್ಷರಗಳ ಮಾದರಿ ಹೊಂದಿಸಿ ನೋಡುವ) ಲೊಕೇಶನ್ ಇದೆ. ಎಂಜಿನ್‌ಎಕ್ಸ್‌ನಲ್ಲಿ ಹಾದಿಯ ಆರಂಭ ಮಾತ್ರ ನೋಡುವ ಸಾದಾ ಪ್ರಿಫಿಕ್ಸ್‌ಗಿಂತ ರೆಜೆಕ್ಸ್ ಗೆಲ್ಲುತ್ತದೆ. ಹೊರಗಿನಿಂದ ಬರೀ ಫೋಲ್ಡರ್ ಕೇಳಿದರೆ 403 ಬರುತ್ತದೆ, ಸಮಾಧಾನ. ಅದೇ ಫೋಲ್ಡರ್ ಒಳಗಿನ ‘ಇಂಡೆಕ್ಸ್.ಪಿಎಚ್‌ಪಿ’ ಅಂತ ಪೂರ್ತಿ ಹೆಸರು ಕೇಳಿದರೆ ರೆಜೆಕ್ಸ್ ಲೊಕೇಶನ್‌ಗೆ ಬೀಳುತ್ತದೆ, ಅಲ್ಲಿ ಬೀಗವೇ ಇಲ್ಲ. ಪ್ರಿಫಿಕ್ಸ್ ಮುಂದೆ ‘^~’ ಹಾಕಿ, ಪಿಎಚ್‌ಪಿಗೆ ಬೇಕಾದ ಲೊಕೇಶನನ್ನು ಅದರ ಒಳಗೆ ಇನ್ನೊಮ್ಮೆ ಬರೆಯಿರಿ. ಒಳಗೆ ಬರೆಯದಿದ್ದರೆ ಪಿಎಚ್‌ಪಿ ಫೈಲಿನ ಕೋಡ್ ಓಡದೆ ಹಾಗೇ ಡೌನ್‌ಲೋಡ್ ಆಗುತ್ತದೆ, ಜೋಕೆ. ಲಾಗಿನ್ ಪುಟ ಆ ಫೋಲ್ಡರ್‌ನ ಹೊರಗಿರುವುದರಿಂದ ಅದಕ್ಕೆ ಬೇರೆ ಬೀಗ ಬೇಕು. ‘ಅಡ್ಮಿನ್-ಅಜಾಕ್ಸ್’ ಫೈಲನ್ನು ಮಾತ್ರ ತೆರೆದಿಡಬೇಕಾಗಬಹುದು, ಹೊರಗಿನ ಪುಟದಲ್ಲಿ ಓಡುವ ಪ್ಲಗಿನ್‌ಗಳು ಅದನ್ನು ಬಳಸುತ್ತವೆ.

ಎರಡನೆಯದು ನಮ್ಮ ಹಳೇ ಟಾಮ್‌ಕ್ಯಾಟ್. ಇದರ ಮ್ಯಾನೇಜರ್ ಆ್ಯಪ್‌ಗೆ ಹುಟ್ಟಿನಿಂದಲೇ ಒಂದು ಕಾವಲಿದೆ: 127ರ ವಿಳಾಸ ಅಥವಾ ಐಪಿವಿ6ನ ‘::1’ ನಿಂದ ಬಂದವರಿಗೆ ಮಾತ್ರ ಪ್ರವೇಶ. ಒಳ್ಳೆಯದೇ. ಆದರೆ ಎಂಜಿನ್‌ಎಕ್ಸ್ ಅದೇ ಮಷಿನ್‌ನಲ್ಲಿದ್ದು 127.0.0.1:8080 ಗೆ ದಾಟಿಸುತ್ತಿದ್ದರೆ ಟಾಮ್‌ಕ್ಯಾಟ್‌ಗೆ ಪ್ರಪಂಚದ ಎಲ್ಲರೂ 127.0.0.1! ಕಾವಲು ಇದ್ದೂ ಇಲ್ಲ. ಇನ್ನು ಉಳಿದಿರುವುದು ಯೂಸರ್‌ನೇಮ್, ಪಾಸ್‌ವರ್ಡ್ ಮಾತ್ರ. ‘ರಿಮೋಟ್ ಐಪಿ ವಾಲ್ವ್’ ಸೇರಿಸಿದರೆ ಟಾಮ್‌ಕ್ಯಾಟ್ ಕೂಡ ಫಾರ್ವರ್ಡೆಡ್ ಹೆಡರ್ ಓದಿ ನಿಜವಾದ ಐಪಿ ತಿಳಿದುಕೊಳ್ಳುತ್ತದೆ.

“ನಾವು ಮ್ಯಾನೇಜರನ್ನು ಪ್ರಾಕ್ಸಿ ಮಾಡೇ ಇಲ್ಲ, ಬರೀ ‘/ರಿಪೋರ್ಟ್ಸ್/’ ಮಾತ್ರ” ಅನ್ನಬಹುದು. ಅದಕ್ಕೂ ಒಂದು ಸುತ್ತುದಾರಿ ಇದೆ. ತೈವಾನಿನ ಭದ್ರತಾ ಸಂಶೋಧಕ ಆರೆಂಜ್ ತ್ಸಾಯ್ 2018ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಹಾದಿಯಲ್ಲಿ ‘/ರಿಪೋರ್ಟ್ಸ್/..;/ಮ್ಯಾನೇಜರ್/’ ಅಂತ ಬರೆದು ಕಳಿಸಿ. ಎಂಜಿನ್‌ಎಕ್ಸ್‌ಗೆ ‘..;’ ಅನ್ನುವುದು ಯಾವುದೋ ಒಂದು ಫೋಲ್ಡರ್ ಹೆಸರು, ಹಾದಿ ರಿಪೋರ್ಟ್ಸ್‌ನಿಂದ ಶುರುವಾಗಿದೆ, ಬಿಡುತ್ತದೆ. ಟಾಮ್‌ಕ್ಯಾಟ್‌ಗೆ ಸೆಮಿಕೋಲನ್ ಆದಮೇಲಿನದ್ದು ಪ್ಯಾರಾಮೀಟರ್, ಅದನ್ನು ಕಿತ್ತು ಹಾಕುತ್ತದೆ. ಉಳಿಯುವುದು ‘..’, ಅಂದರೆ ಒಂದು ಮೆಟ್ಟಿಲು ಹಿಂದೆ. ಸೀದಾ ಮ್ಯಾನೇಜರ್. ಇಬ್ಬರೂ ಒಂದೇ ಹಾದಿಯನ್ನು ಎರಡು ಥರ ಓದುತ್ತಾರೆ, ಆ ಸಂದಿಯಲ್ಲಿ ಮೂರನೆಯವನು ನುಗ್ಗುತ್ತಾನೆ.

ನಿಮ್ಮದೇ ಸರ್ವರ್ ಮೇಲೆ ಕರ್ಲ್‌ನಿಂದ ಪರೀಕ್ಷಿಸಿ ನೋಡಿ, ‘ಪಾತ್ ಆ್ಯಸ್ ಈಸ್’ ಆಯ್ಕೆ ಕೊಟ್ಟರೆ ಹಾದಿಯನ್ನು ತಿದ್ದದೆ ಇದ್ದ ಹಾಗೇ ಕಳಿಸುತ್ತದೆ. ವಿಳಾಸವನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ, ಇಲ್ಲದಿದ್ದರೆ ಶೆಲ್ ಸೆಮಿಕೋಲನ್‌ನಲ್ಲಿ ಆಜ್ಞೆಯನ್ನೇ ಕತ್ತರಿಸುತ್ತದೆ, ಬೇರೇನೋ ಪುಟ ಬರುತ್ತದೆ, ನೀವು ‘ಸದ್ಯ, ನಮ್ಮಲ್ಲಿ ಇಲ್ಲ’ ಅಂದುಕೊಳ್ಳುತ್ತೀರಿ. ಎಂಜಿನ್‌ಎಕ್ಸ್‌ನಲ್ಲಿ ‘..;’ ಇರುವ ಹಾದಿಗಳನ್ನು ತಡೆಯಬಹುದು, ಆದರೆ ಬರೆಯುವ ರೂಪಗಳು ಹಲವು. ಮ್ಯಾನೇಜರ್ ಬಳಸದಿದ್ದರೆ ವೆಬ್‌ಆ್ಯಪ್ಸ್ ಫೋಲ್ಡರ್‌ನಿಂದ ಅದನ್ನೇ ತೆಗೆದುಹಾಕಿ. ಇಲ್ಲದ ಬಾಗಿಲಿಗೆ ಬೀಗ ಬೇಕಿಲ್ಲ. ಟಾಮ್‌ಕ್ಯಾಟ್ ತುಂಬಾ ಹಳೇದಾಗಿದ್ದರೆ 8009ನೇ ಪೋರ್ಟನ್ನೂ ನೋಡಿ. 2020ರ ಘೋಸ್ಟ್‌ಕ್ಯಾಟ್ ದೋಷ ಅಲ್ಲೇ ಇದ್ದದ್ದು, 9.0.31, 8.5.51, 7.0.100 ಆವೃತ್ತಿಗಳಲ್ಲಿ ಸರಿಯಾಯಿತು.

ಪ್ರಾಕ್ಸಿಯನ್ನೇ ದಾಟದೆ ಬರುವವರು

ಮಷಿನ್‌ನಲ್ಲಿ ‘ಎಸ್ಎಸ್’ ಆಜ್ಞೆ ಕೊಟ್ಟು ಯಾವ ಪೋರ್ಟ್ ಯಾವ ವಿಳಾಸದಲ್ಲಿ ಕೇಳುತ್ತಿದೆ ನೋಡಿ. 8000, 8080, 3000 ಮೂರೂ 127.0.0.1 ಮೇಲೆ ಮಾತ್ರ ಇರಬೇಕು. 0.0.0.0 ಅಥವಾ ನಕ್ಷತ್ರ ಚಿಹ್ನೆ ಕಂಡರೆ ಹೊರಗಿನಿಂದ ನೇರವಾಗಿ ಬರುವ ದಾರಿ ಇರಬಹುದು.

“ಯುಎಫ್‌ಡಬ್ಲ್ಯೂ ಆನ್ ಇದೆ, 8080 ಮುಚ್ಚಿದೆ” ಅನ್ನುವುದು ಡಾಕರ್ (ಆ್ಯಪ್‌ಗಳನ್ನು ಕಂಟೇನರ್‌ನಲ್ಲಿ ಓಡಿಸುವ ಸಾಧನ) ಇರುವ ಕಡೆ ಸಾಲದು. ಯುಎಫ್‌ಡಬ್ಲ್ಯೂ ಅಂದರೆ ಉಬುಂಟುವಿನ ಫೈರ್‌ವಾಲ್. ಡಾಕರ್‌ನಲ್ಲಿ ‘8080:8080’ ಅಂತ ಪೋರ್ಟ್ ಪ್ರಕಟಿಸಿದರೆ ಅದು ತನ್ನದೇ ಐಪಿಟೇಬಲ್ಸ್ ನಿಯಮ ಬರೆದುಕೊಳ್ಳುತ್ತದೆ. ಪ್ಯಾಕೆಟ್ ಫಾರ್ವರ್ಡ್ ದಾರಿಯಲ್ಲಿ ಕಂಟೇನರ್‌ಗೆ ಹೋಗುತ್ತದೆ, ಯುಎಫ್‌ಡಬ್ಲ್ಯೂ ಕಾಯುತ್ತಿರುವುದು ಇನ್‌ಪುಟ್ ದಾರಿಯಲ್ಲಿ. ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದರೆ ಮುಚ್ಚಿದೆ ಅನ್ನುತ್ತದೆ, ಹೊರಗಿನಿಂದ ಕರ್ಲ್ ಮಾಡಿದರೆ ಪುಟ ಬರುತ್ತದೆ. ‘127.0.0.1:8080:8080’ ಅಂತ ಬರೆಯಿರಿ. ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲೂ ಮುಚ್ಚಿ. ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ, ಯಾರೋ ಟೆಸ್ಟ್‌ಗೆ ಅಂತ ತೆರೆದು ಮರೆತಿರುತ್ತಾರೆ.

ಗ್ರಫಾನಾದಲ್ಲಿ ಇದು ಇನ್ನೂ ಜಾಸ್ತಿ ಅಪಾಯ. ಆತ್ ಪ್ರಾಕ್ಸಿ ಆನ್ ಮಾಡಿದ್ದರೆ, ಪ್ರಾಕ್ಸಿ ಲಾಗಿನ್ ನೋಡಿಕೊಂಡು ‘ಎಕ್ಸ್-ವೆಬ್‌ಆತ್-ಯೂಸರ್’ ಹೆಡರ್‌ನಲ್ಲಿ ಹೆಸರು ಕಳಿಸುತ್ತದೆ, ಗ್ರಫಾನಾ ಅದನ್ನು ನಂಬುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ. 3000 ಹೊರಗೆ ತೆರೆದಿದ್ದರೆ ಆ ಹೆಡರ್‌ನಲ್ಲಿ ‘ಅಡ್ಮಿನ್’ ಅಂತ ಬರೆದವನೇ ಅಡ್ಮಿನ್. ಪೋರ್ಟ್ ಮುಚ್ಚಿ, ಆತ್ ಪ್ರಾಕ್ಸಿಯ ‘ವೈಟ್‌ಲಿಸ್ಟ್’ನಲ್ಲಿ ಪ್ರಾಕ್ಸಿಯ ಐಪಿ ಮಾತ್ರ ಬರೆಯಿರಿ, ಎಂಜಿನ್‌ಎಕ್ಸ್‌ನಲ್ಲಿ ಹೊರಗಿನಿಂದ ಬಂದ ಅದೇ ಹೆಡರ್ ಮೇಲೆ ಯಾವಾಗಲೂ ನಿಮ್ಮದೇ ಬೆಲೆ ಬರೆಯಿರಿ. 2025ರ ಮಾರ್ಚ್‌ನಲ್ಲಿ ನೆಕ್ಸ್ಟ್.ಜೆಎಸ್‌ನಲ್ಲಿ ಬಯಲಾದ ದೋಷವೂ ಇದೇ ಜಾತಿಯದು. ಒಳಗಿನ ಬಳಕೆಗೆ ಇದ್ದ ಒಂದು ಹೆಡರನ್ನು ಹೊರಗಿನವರು ಕಳಿಸಿದರೆ ಮಿಡಲ್‌ವೇರ್‌ನ ಲಾಗಿನ್ ಪರೀಕ್ಷೆಯೇ ಬಿಟ್ಟು ಹೋಗುತ್ತಿತ್ತು.

ಬರೀ ಐಪಿ ವಿಳಾಸ ಹಾಕಿ ಬ್ರೌಸರ್‌ನಲ್ಲಿ ತೆರೆದು ನೋಡಿ. ಡಿಫಾಲ್ಟ್ ಅಂತ ಯಾವ ಸರ್ವರ್ ಬ್ಲಾಕನ್ನೂ ಗುರುತಿಸದಿದ್ದರೆ ಎಂಜಿನ್‌ಎಕ್ಸ್ ಮೊದಲನೆಯದನ್ನೇ ಡಿಫಾಲ್ಟ್ ಮಾಡಿಕೊಳ್ಳುತ್ತದೆ. ಅದು ಅಡ್ಮಿನ್‌ನದ್ದೇ ಆಗಿರಬಹುದು. 444 (ಉತ್ತರ ಕೊಡದೆ ಸಂಪರ್ಕ ಕಡಿಯುವುದು) ಕೊಡುವ ಒಂದು ಖಾಲಿ ಡಿಫಾಲ್ಟ್ ಬ್ಲಾಕ್ ಇಡಿ. ಸಬ್‌ಡೊಮೇನ್ ಹೆಸರನ್ನು ಯಾರಿಗೂ ಹೇಳಿಲ್ಲ ಅಂತ ನೆಮ್ಮದಿಯಾಗಿರುವುದೂ ಬೇಡ. ಅದರ ಹೆಸರಿಗೇ ಸರ್ಟಿಫಿಕೇಟ್ ತೆಗೆದ ಕ್ಷಣ ಆ ಹೆಸರು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್‌ನಲ್ಲಿ ಎಲ್ಲರಿಗೂ ಕಾಣುತ್ತದೆ.

ಚಿಲ್ಲರೆ ಲಕ್ಷಣಗಳು

ಐಪಿ ಜೊತೆ ಪಾಸ್‌ವರ್ಡೂ ಕೇಳಬೇಕಿತ್ತು, ಕೇಳುತ್ತಿಲ್ಲ ಅಂದರೆ ‘ಸ್ಯಾಟಿಸ್‌ಫೈ ಎನಿ’ ಇದೆಯಾ ನೋಡಿ. ಅದು ಎರಡರಲ್ಲಿ ಒಂದು ಸಾಕು ಅನ್ನುತ್ತದೆ. ಸಿಂಗಲ್ ಸೈನ್-ಆನ್‌ಗೆ ‘ಆತ್ ರಿಕ್ವೆಸ್ಟ್’ ಹಾಕಿದ ಮೇಲೆ 500 ಬರುತ್ತಿದ್ದರೆ, ಆ ಲಾಗಿನ್ ಸೇವೆ 401 ಬದಲು 302 ಕೊಡುತ್ತಿರಬಹುದು. ಎಂಜಿನ್‌ಎಕ್ಸ್ ಅಲ್ಲಿ 2ರಿಂದ ಶುರುವಾಗುವ ಉತ್ತರ, 401, 403 ಇಷ್ಟನ್ನೇ ಒಪ್ಪುವುದು. ಲಾಗಿನ್ ಆದ ತಕ್ಷಣ 502 ಬಂದು, ಎರರ್ ಲಾಗ್‌ನಲ್ಲಿ ‘ಟೂ ಬಿಗ್ ಹೆಡರ್’ ಅಂತ ಇದ್ದರೆ ಕುಕೀ ದಪ್ಪವಾಗಿದೆ, ‘ಪ್ರಾಕ್ಸಿ ಬಫರ್ ಸೈಜ್’ ಏರಿಸಿ. ಕನ್ಸೋಲ್ ತೆರೆದು ಒಳಗಿನ ಟರ್ಮಿನಲ್ ಮಾತ್ರ ಬರದಿದ್ದರೆ ವೆಬ್‌ಸಾಕೆಟ್‌ನ ಅಪ್‌ಗ್ರೇಡ್ ಹೆಡರ್‌ಗಳು ಇಲ್ಲ. ಟರ್ಮಿನಲ್ ಬಂದು, ಸರಿಯಾಗಿ 60 ಸೆಕೆಂಡ್ ಸುಮ್ಮನಿದ್ದ ಮೇಲೆ ಕಡಿದುಹೋದರೆ ಅದು ‘ಪ್ರಾಕ್ಸಿ ರೀಡ್ ಟೈಮ್‌ಔಟ್’.

ಬಾಗಿಲು ತೆರೆದೇ ಇತ್ತು ಅಂತ ಗೊತ್ತಾದರೆ

ಮುಚ್ಚಿ, ಆದರೆ ಅಲ್ಲಿಗೇ ಬಿಡಬೇಡಿ. ಅದು ತೆರೆದಿದ್ದ ದಿನದಿಂದ ಇವತ್ತಿನವರೆಗಿನ ಲಾಗ್‌ಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ, ಲಾಗ್‌ರೊಟೇಟ್ ಅಳಿಸುವ ಮುಂಚೆ. ಅಡ್ಮಿನ್ ಹಾದಿಗಳಿಗೆ ಆಫೀಸಿನದಲ್ಲದ ಐಪಿಯಿಂದ ಬಂದ 200 ಮತ್ತು 302 ಗಳನ್ನು ಹುಡುಕಿ. ಬರೀ ಲಾಗಿನ್ ಪುಟ ಕೇಳಿ ಹೋದವರು ಬಹಳ ಇರುತ್ತಾರೆ, ಅವು ಊರೂರು ತಿರುಗುವ ಬಾಟ್‌ಗಳು. ನೋಡಬೇಕಾದದ್ದು ಪೋಸ್ಟ್ ವಿನಂತಿಗೆ 302 ಬಂದು, ಅದೇ ಐಪಿಯಿಂದ ಒಳಗಿನ ಪುಟಗಳಿಗೆ 200 ಬಂದಿರುವುದು. ಅಂಥದ್ದು ಒಂದು ಸಿಕ್ಕಿದರೂ ಅಡ್ಮಿನ್ ಪಾಸ್‌ವರ್ಡ್‌ಗಳ ಜೊತೆ ಜಾಂಗೊದ ಸೀಕ್ರೆಟ್ ಕೀ, ಡೇಟಾಬೇಸ್ ಪಾಸ್‌ವರ್ಡ್, ಗ್ರಫಾನಾದ ಎಪಿಐ ಟೋಕನ್‌ಗಳನ್ನೂ ಬದಲಾಯಿಸಿ, ಹೊಸದಾಗಿ ಹುಟ್ಟಿದ ಯೂಸರ್‌ಗಳಿದ್ದಾರಾ ನೋಡಿ.

ಆಮೇಲೆ ಮಾಲೀಕರಿಗೆ ಹೇಳಿ, ಮುಚ್ಚಿಡಬೇಡಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಅನುಮತಿ ಇಲ್ಲದೆ ಸಿಸ್ಟಮ್ ಒಳಗೆ ನುಗ್ಗಿದ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಪ್ಯಾಕೇಜ್ ಜೊತೆ ಬರುವ ಲಾಗ್‌ರೊಟೇಟ್ ಫೈಲಿನಲ್ಲಿ ದಿನಕ್ಕೊಂದರಂತೆ 14 ಅಂತ ಇರುತ್ತದೆ. ಅದನ್ನು ಇವತ್ತೇ ತೆರೆದು 180 ಮಾಡಿ.